ಉಪ್ಪು ನೋಡುವವನು

ಅಡಿಗೆಮನೆಯ ಬಾಗಿಲಲ್ಲಿ ಸಂದೀಪ ಇವತ್ತೂ ಓರೆಯಾಗಿಯೇ ನುಗ್ಗಿದ. ಎಡಭುಜ ಮೊದಲು, ಹೊಟ್ಟೆ ಒಳಕ್ಕೆ, ಬಲಗೈ ಚೌಕಟ್ಟಿನ ಮೇಲೆ. ಇಪ್ಪತ್ತು ವರ್ಷ ಹಾಗೆ ನುಗ್ಗಿ ಪಳಗಿದ ದೇಹಕ್ಕೆ ಈಗ ಎರಡೂ ಕಡೆ ಗೇಣು ಗೇಣು ಜಾಗ ಉಳಿಯುತ್ತದೆ ಎಂಬುದು ಇನ್ನೂ ತಿಳಿದಿರಲಿಲ್ಲ. ಪಾತ್ರೆ ತೊಳೆಯುವ ಮೋರಿಯ ಹತ್ತಿರ ಯಾರೋ ಕಿಸಕ್ಕೆಂದರು. ಯಾರೆಂದು ತಿರುಗಿ ನೋಡಿದರೆ ಆ ನಗುವನ್ನು ಒಪ್ಪಿಕೊಂಡಂತಾಗುತ್ತದೆಂದು ಅವನು ನೇರ ಒಲೆಯ ಕಡೆಗೇ ನಡೆದ. ದಪ್ಪಗಿದ್ದಾಗ ನಗುತ್ತಿದ್ದವರು ಇಳಿದ ಮೇಲೂ ನಗುತ್ತಾರೆ. ಹಾಗಾದರೆ ಇವರು ನಗುತ್ತಿದ್ದದ್ದು ನನ್ನ ಕೊಬ್ಬಿಗಲ್ಲ, ನನಗೇ, ಎಂದು ಈಚೆಗೆ ಅವನಿಗೆ ಅನ್ನಿಸತೊಡಗಿತ್ತು. ಒಲೆಯ ಮುಂದೆ ಸೀನ ನಿಂತಿದ್ದ. ಬನಿಯನ್ನಿನ ಬೆನ್ನು ಒದ್ದೆಯಾಗಿ ಚರ್ಮಕ್ಕೆ ಅಂಟಿಕೊಂಡಿತ್ತು. ಸಂದೀಪ ಬಂದದ್ದು ಗೊತ್ತಿದ್ದೂ ಅವನು ತಿರುಗಲಿಲ್ಲ. ಸೌಟನ್ನು ಹಂಡೆಯ ತಳಕ್ಕೆ ಇಳಿಸಿ, ಒಂದು ಸುತ್ತು ತಿರುಗಿಸಿ, ಸ್ಟೀಲಿನ ಬಟ್ಟಲಿಗೆ ಒಂದಿಷ್ಟು ಸಾಂಬಾರು ಹೊಯ್ದು, ಕಟ್ಟೆಯ ಮೇಲೆ ನಾಯಿಗೆ ಇಡುವವನ ಹಾಗೆ ಇಟ್ಟ.

ಮಾಟುಂಗದ ಆ ಹೋಟೆಲಿನಲ್ಲಿ ಸಂದೀಪ ಒಪ್ಪದೆ ಸಾಂಬಾರು ಹೊರಗೆ ಹೋಗುವ ಹಾಗಿರಲಿಲ್ಲ. ಅದು ಅವನ ಅಪ್ಪ ಕೊರಗ ಶೆಟ್ಟರು ಮಾಡಿದ ನಿಯಮ. ಮಗ ಕಾಲೇಜಿನ ಎರಡನೆಯ ವರ್ಷದಲ್ಲಿ ಫೇಲಾಗಿ ಬಂದು ಗಲ್ಲಾದ ಮೇಲೆ ಕೂತ ದಿನ, ಇವನು ಯಾವ ಕೆಲಸಕ್ಕೆ ಬರುತ್ತಾನೆಂದು ಶೆಟ್ಟರು ತುಂಬ ಹೊತ್ತು ಯೋಚಿಸಿ, ಕೊನೆಗೆ ಇವನ ನಾಲಿಗೆ ಚೆನ್ನಾಗಿದೆ ಎಂದು ಕಂಡುಹಿಡಿದಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಹುಣಿಸೆ ಹಳತೋ ಹೊಸತೋ, ಬೇಳೆ ಬೇಯುವ ಮೊದಲೇ ಉಪ್ಪು ಬಿತ್ತೋ, ಮೆಂತೆ ಒಂದು ಕ್ಷಣ ಹೆಚ್ಚು ಹುರಿಯಿತೋ, ಎಲ್ಲವೂ ಅವನ ನಾಲಿಗೆಗೆ ಓದಿದ ಪಾಠದ ಹಾಗೆ ಗೊತ್ತಾಗುತ್ತಿತ್ತು. ಬೇರೆ ಯಾವ ಪಾಠವೂ ಗೊತ್ತಾಗದವನಿಗೆ ಇದೊಂದು ಗೊತ್ತಿತ್ತು. ಅಪ್ಪನ ಗೆಳೆಯರು ಬಂದಾಗ ಶೆಟ್ಟರು ಮಗನ ಬೆನ್ನು ತಟ್ಟಿ, ಇವನನ್ನು ನೋಡಿದ ಮೇಲೆ ನಮ್ಮ ಊಟ ಹೇಗೆ ಅಂತ ಯಾರೂ ಕೇಳುವುದಿಲ್ಲ ಎನ್ನುತ್ತಿದ್ದರು. ಎಲ್ಲರೂ ಅವನ ಹೊಟ್ಟೆ ನೋಡಿ ನಗುತ್ತಿದ್ದರು. ಅವನೂ ನಗುತ್ತಿದ್ದ. ಗಲ್ಲಾದ ಹಿಂದೆ ಅವನು ಹೋಟೆಲಿನ ಬೋರ್ಡಿನ ಹಾಗೆ ಕೂತಿರುತ್ತಿದ್ದ, ಬೋರ್ಡಿಗೆ ಇರುವಷ್ಟೇ ಮರ್ಯಾದೆಯೊಡನೆ.

ಆದರೆ ಆ ಬಾಯಿಯನ್ನು ಮೊದಲು ಕಂಡುಹಿಡಿದವನು ಅಪ್ಪನಲ್ಲ, ಸೀನ. ಸಂದೀಪ ಶಾಲೆ ಬಿಟ್ಟು ನೇರ ಹೋಟೆಲಿಗೆ ಬರುತ್ತಿದ್ದ ಕಾಲ. ಮಧ್ಯಾಹ್ನದ ಗಿರಾಕಿಗಳು ಮುಗಿದ ಮೇಲೆ ಅಡಿಗೆಮನೆಯವರೆಲ್ಲ ಅವನನ್ನು ಒಂದು ಡಬ್ಬದ ಮೇಲೆ ಕೂರಿಸಿ ಮುಂದೆ ವಡೆಗಳನ್ನು ಜೋಡಿಸುತ್ತಿದ್ದರು. ಎಷ್ಟು ತಿನ್ನುತ್ತಾನೆ ಎಂಬುದರ ಮೇಲೆ ಬೀಡಿಯ ಕಟ್ಟುಗಳ ಪಂದ್ಯ. ಸೀನ ಎದುರಿಗೆ ಕುಕ್ಕರುಗಾಲಲ್ಲಿ ಕೂತು, "ಆನೆಮರಿ, ಇನ್ನೊಂದು" ಎಂದು ಬಾಯಿಯ ಹತ್ತಿರ ಹಿಡಿಯುತ್ತಿದ್ದ. ಚಪ್ಪಾಳೆ ಬೀಳುತ್ತಿತ್ತು. ಶಾಲೆಯಲ್ಲಿ ಯಾವುದಕ್ಕೂ ಬೀಳದ ಚಪ್ಪಾಳೆ. ಒಮ್ಮೆ ತಿಂದದ್ದೆಲ್ಲ ಮೋರಿಯಲ್ಲಿ ಕಾರಿಕೊಂಡಾಗ ಸೀನ ತನ್ನ ಹೆಗಲ ಬೈರಾಸಿನಿಂದಲೇ ಅವನ ಬಾಯಿ ಒರೆಸಿದ್ದ. ಆ ಬೈರಾಸಿನ ಬೆವರು, ಒಗ್ಗರಣೆ, ಬೀಡಿಯ ವಾಸನೆಯನ್ನು ಪ್ರೀತಿ ಎಂದು ಹುಡುಗ ಎಷ್ಟೋ ದಿನ ನಂಬಿದ್ದ. ಸೀನನಿಗೆ ಆ ಸಲದ ಪಂದ್ಯ ಹೋಯಿತೆಂಬ ಸಿಟ್ಟು ಮಾತ್ರ ಇತ್ತೆಂದು ತಿಳಿಯುವಷ್ಟರಲ್ಲಿ ಅಂಗಿ ಹೊಲಿಸಲು ಮಾಮೂಲು ದರ್ಜಿ ಒಪ್ಪದಷ್ಟು ಅವನು ಬೆಳೆದಾಗಿತ್ತು.

ಬಟ್ಟಲು ಎತ್ತಿಕೊಂಡ. ಬಿಸಿ ತುಟಿಗೆ ತಾಗಿತು. ಬಿಸಿ ಗೊತ್ತಾಗುತ್ತದೆ, ಖಾರ ಚುಚ್ಚುತ್ತದೆ. ಇವೆರಡು ಬಿಟ್ಟರೆ ಬಾಯಲ್ಲಿ ಇದ್ದದ್ದು ನಲ್ಲಿಯ ಕಬ್ಬಿಣವನ್ನು ನೆಕ್ಕಿದಂಥ ಒಂದು ಚೂರು. ತೂಕ ಇಳಿಸುವ ಆಪರೇಶನ್ ಆದಂದಿನಿಂದ ಎಲ್ಲವೂ ಹೀಗೆ. ಸಿಹಿ ಮಾತ್ರ ಅಸಹ್ಯವಾಗುವಷ್ಟು ಸಿಹಿ. ಉಪ್ಪು ಎಂಬುದು ಯಾರೋ ಹಿಂದೆ ಪರಿಚಯವಿದ್ದವರ ಹೆಸರಿನ ಹಾಗೆ, ನೆನಪಿದೆ, ಮುಖ ಕಾಣುವುದಿಲ್ಲ. ಡಾಕ್ಟರು ಮೊದಲೇ ಹೇಳಿದ್ದರು. ಎಲ್ಲವನ್ನೂ ಹೇಳಿದ್ದರು, ಹೇಳಲಿಲ್ಲ ಎಂದು ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಸುಖವನ್ನೂ ಅವರು ಉಳಿಸಿರಲಿಲ್ಲ. ಕಾಗದದ ಮೇಲೆ ಪೆನ್ನಿನಿಂದ ಒಂದು ಹೊಟ್ಟೆ ಬರೆದು, ಅದರ ಮುಕ್ಕಾಲಿಗಿಂತ ಹೆಚ್ಚು ಭಾಗಕ್ಕೆ ಗೀಟು ಎಳೆದು, ಇದು ಹೋಗುತ್ತದೆ, ಇದು ಉಳಿಯುತ್ತದೆ ಎಂದು ತೋರಿಸಿದ್ದರು. ಉಳಿದದ್ದು ಒಂದು ಬಾಳೆಕಾಯಿಯ ಹಾಗಿತ್ತು. ಹಸಿವು ಕಡಿಮೆಯಾಗುತ್ತದೆ, ಕೂದಲು ಉದುರುತ್ತದೆ, ಚರ್ಮ ಜೋಲುತ್ತದೆ, ಊಟದ ಜೊತೆ ನೀರು ಕುಡಿಯಬಾರದು, ವಿಟಮಿನ್ ಗುಳಿಗೆ ಸಾಯುವವರೆಗೂ ಬಿಡಬಾರದು, ರುಚಿ ಬದಲಾಗಬಹುದು, ಕೆಲವರಿಗೆ ವಾಪಸು ಬರುತ್ತದೆ. ಕೆಲವರಿಗೆ ಎಂದಾಗ ಡಾಕ್ಟರು ನಿಶಾಳ ಮುಖ ನೋಡಿದ್ದರು, ಇವನದ್ದಲ್ಲ.

ಅವನ ಹೆಂಡತಿ ನಿಶಾ ಫೋರ್ಟಿನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಳು. ಆಪರೇಶನ್ ಎಂಬ ಮಾತು ಮನೆಗೆ ಬಂದದ್ದು ಅವಳಿಂದಲೇ. ಅವನ ಸಕ್ಕರೆ, ಅವನ ರಕ್ತದೊತ್ತಡ, ಮಲಗಿದರೆ ನಿಂತುಹೋಗುವ ಅವನ ಉಸಿರು, ಮೂಗಿಗೆ ಕಟ್ಟಿಕೊಳ್ಳುವ ಮಶೀನು. ಅವಳು ಹೆದರಿದ್ದಳು, ಅದು ನಿಜ. ಆದರೆ ಬ್ಯಾಂಕಿನ ವಾರ್ಷಿಕ ಪಾರ್ಟಿಗೆ ಗಂಡನನ್ನು ಕರೆದುಕೊಂಡು ಹೋದ ದಿನ, ಅವನು ಕೂತ ಪ್ಲಾಸ್ಟಿಕ್ ಕುರ್ಚಿಯ ಕಾಲು ಸೀಳಿ ಅವನು ನೆಲಕ್ಕೆ ಬಿದ್ದಾಗ, ಅವಳು ಎತ್ತಲು ಓಡಿಬರುವ ಮೊದಲು ಒಂದು ಕ್ಷಣ ಯಾರು ಯಾರು ನೋಡಿದರೆಂದು ಸುತ್ತ ನೋಡಿದ್ದಳು. ಆ ಕ್ಷಣವನ್ನು ಸಂದೀಪ ಮರೆತಿರಲಿಲ್ಲ. ಹೆದರಿಕೆ ಎಷ್ಟು, ನಾಚಿಕೆ ಎಷ್ಟು ಎಂದು ಅವಳ ಪ್ರತಿ ಮಾತನ್ನೂ ಬಾಯಿಗೆ ಹಾಕಿಕೊಂಡು ನೋಡುವುದು ಅವನಿಗೆ ಚಟವಾಯಿತು. ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ಎಂಬ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು, ನೀವು ಯಾವಾಗ ಹೆಚ್ಚು ತಿನ್ನುತ್ತೀರಿ, ಬೇಸರ ಬಂದಾಗಲಾ, ಸಿಟ್ಟು ಬಂದಾಗಲಾ ಎಂದು ಕೇಳಿದ್ದಳು. ಹಸಿವಾದಾಗ ಎಂದು ಹೇಳಿ ಅವನು ಪಾಸಾಗಿದ್ದ. ಆಪರೇಶನ್ನಿಗೆ ಮುಂಚೆ ಎರಡು ವಾರ ಬರೀ ಪಾನೀಯ, ಯಕೃತ್ತು ಕುಗ್ಗಬೇಕಂತೆ. ತೆಳ್ಳನೆಯ ಸೂಪು ಕುಡಿದು ಬಂದು ಗಲ್ಲಾದಲ್ಲಿ ಕೂತು, ಮಸಾಲೆದೋಸೆಯ ಮೂಲೆಯನ್ನು ಮುರಿಯುವ ಗಿರಾಕಿಗಳ ಬೆರಳುಗಳನ್ನು ನೋಡುತ್ತಾ, ಇವರೆಲ್ಲ ಒಂದೇ ಏಟಿಗೆ ಸತ್ತುಬಿದ್ದರೆ ಎಷ್ಟು ಚೆನ್ನ ಎಂದುಕೊಳ್ಳುತ್ತಿದ್ದ. ಆ ದಿನಗಳಲ್ಲಿ ಅವನ ನಾಲಿಗೆ ಹಿಂದೆಂದೂ ಇಲ್ಲದಷ್ಟು ಚುರುಕಾಗಿತ್ತು. ಬೆಳಗ್ಗೆ ಬಾಯಿಗೆ ಬೀಳುವ ಆ ಒಂದು ಗುಟುಕು ಸಾಂಬಾರಿನಲ್ಲಿ ಬೇಳೆಯ ಒಂದೊಂದು ಕಾಳನ್ನು ಎಣಿಸಬಹುದಿತ್ತು. ಬಿಟ್ಟುಹೋಗುವ ಮುಂಚೆ ಅದು ತನ್ನೆಲ್ಲ ಬೆಡಗು ತೋರಿಸಿ ಹೋಯಿತು.

ಆಮೇಲಿನದು ಅವನಿಗೆ ತುಂಡುತುಂಡಾಗಿ ನೆನಪಿದೆ. ಎಚ್ಚರವಾದಾಗ ನೋವಿದ್ದದ್ದು ಹೊಟ್ಟೆಯಲ್ಲಲ್ಲ, ಭುಜದಲ್ಲಿ. ಒಳಗೆ ತುಂಬಿದ ಗ್ಯಾಸು ಅಲ್ಲಿ ಹೋಗಿ ಕೂರುತ್ತದೆ ಎಂದರು. ಆ ಸಂಜೆಯೇ ಎಬ್ಬಿಸಿ ವರಾಂಡದಲ್ಲಿ ನಡೆಸಿದರು. ಔಷಧದ ಮುಚ್ಚಳದಲ್ಲಿ ನೀರು, ಅದನ್ನೂ ಹನಿಹನಿಯಾಗಿ. ಕತ್ತರಿಸಿ ತೆಗೆದದ್ದನ್ನು ಏನು ಮಾಡಿದಿರಿ ಎಂದು ನರ್ಸನ್ನು ಕೇಳಿದಾಗ ಅವಳು ಲ್ಯಾಬಿಗೆ ಹೋಗಿದೆ ಎಂದು ಮರಾಠಿಯಲ್ಲಿ ಹೇಳಿ, ದಿಂಬು ಸರಿಮಾಡಿ ಹೋದಳು. ವಡೆ, ಚಪ್ಪಾಳೆ, ಅವಮಾನ ಎಲ್ಲವನ್ನೂ ಒಂದೇ ಸಮನೆ ನುಂಗಿ ಹಿಗ್ಗಿದ ಅದು ಈಗ ಯಾವುದೋ ಬಾಟಲಿಯಲ್ಲಿ ಹೆಸರಿನ ಚೀಟಿ ಅಂಟಿಸಿಕೊಂಡು ಕೂತಿದೆ ಎಂದು ಯೋಚಿಸಿ ಅವನಿಗೆ ಅಳು ಬಂದಿತ್ತು. ನಿಶಾ ಅದನ್ನು ನೋವಿನ ಅಳು ಎಂದುಕೊಂಡು ಗಂಟೆ ಒತ್ತಿದ್ದಳು. ವಾರಗಟ್ಟಲೆ ನೀರಾದದ್ದು, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು, ಹಲ್ಲು ಬಾರದ ಮಗುವಿನಿಂದ ಮತ್ತೆ ಶುರು. ತೂಕ ಇಳಿಯಿತು. ಸಕ್ಕರೆಯ ಗುಳಿಗೆ ನಿಂತಿತು. ಮಶೀನು ಅಟ್ಟಕ್ಕೆ ಹೋಯಿತು. ಎಲ್ಲವೂ ಹೇಳಿದ ಹಾಗೇ ಆಯಿತು, ಯಾರ ಮೇಲೂ ದೂರು ಹೇಳುವ ಹಾಗಿರಲಿಲ್ಲ. ಸ್ನಾನದ ಮನೆಯಲ್ಲಿ ಮಾತ್ರ ಹೊಟ್ಟೆಯ ಚರ್ಮ ತೊಡೆಯ ಮೇಲೆ ಬೇರೆ ಯಾರದೋ ಅಂಗಿಯ ಹಾಗೆ ಇಳಿಬೀಳುತ್ತಿತ್ತು. ಅದನ್ನು ಎತ್ತಿ ಅಡಿಯಲ್ಲಿ ಸೋಪು ಹಚ್ಚುವಾಗ ಅವನಿಗೆ ಎಲ್ಲರ ಮೇಲೂ ಸಿಟ್ಟು ಬರುತ್ತಿತ್ತು.

ಇವತ್ತು ಬೆಳಗ್ಗೆಯೂ ಜಗಳವಾಗಿತ್ತು. ಅವನು ಪ್ರೋಟೀನ್ ಪುಡಿ ಕದಡಿದ ಹಾಲು ಕುಡಿದು ಲೋಟ ಇಡುತ್ತಿದ್ದಂತೆ ನಿಶಾ ಪಾತ್ರೆಯನ್ನು ಮೂಸಿ ನೋಡಿ ಅವನ ಕಡೆ ತಿರುಗಿದಳು.

"ಹಾಲು ಖರಾಬ್ ಆಗಿದೆ. ನೀವು ಪೂರಾ ಕುಡಿದ್ರಿ."

ಅವನು ಲೋಟ ತೊಳೆಯಲು ನಲ್ಲಿ ತಿರುಗಿಸಿದ.

"ಮಾವನಿಗೆ ಇವತ್ತು ಹೇಳಿ. ಸೀನಣ್ಣನಿಗೆ ದಿನಾ ಬೈಗುಳ ಬೀಳ್ತಾ ಉಂಟು, ನಿಮಗೆ ಗೊತ್ತಿದ್ದೂ ಸುಮ್ಮನೆ ಕೂತಿದ್ದೀರಿ. ಇದು ಸರಿಯಲ್ಲ."

ಸರಿ ಯಾವುದು, ತಪ್ಪು ಯಾವುದು ಎಂದು ನೀನು ನನಗೆ ಕಲಿಸಬೇಡ, ನನ್ನ ಬಾಯಿರುಚಿಯನ್ನು ತೆಗೆಸಿದವಳು ನೀನೇ ಎಂದು ಅವನು ಹೇಳಿದ್ದ. ಅವಳ ಮುಖ ಒಮ್ಮೆಲೇ ಬಿಳಚಿಕೊಂಡಿತು. ಅದನ್ನು ನೋಡಿ ಒಂದು ಬಗೆಯ ಸಮಾಧಾನವಾಗಿತ್ತು. ಮೊದಲೆಲ್ಲ ಎರಡು ಬಟಾಟೆವಡೆ ತಿಂದಾಗ ಆಗುತ್ತಿದ್ದಂಥ ಸಮಾಧಾನ. ಅವಳು ಚಪ್ಪಲಿ ಹಾಕಿಕೊಂಡು ಸ್ಟೇಶನ್ನಿಗೆ ಹೊರಟುಹೋದಳು. ಅವಳ ಡಬ್ಬಿ ಕಟ್ಟೆಯ ಮೇಲೇ ಉಳಿದಿತ್ತು.

"ಉಪ್ಪು ಸಾಲದು," ಎಂದ ಸಂದೀಪ ಸೀನನ ಬೆನ್ನಿಗೆ, ಬಟ್ಟಲು ಕೆಳಗಿಟ್ಟು.

ಹೀಗೆ ಹೇಳಲು ಶುರುಮಾಡಿ ಕೆಲವು ವಾರಗಳಾಗಿದ್ದವು. ಮೊದಮೊದಲು ಎಲ್ಲ ಸರಿ ಇದೆ ಎನ್ನುತ್ತಿದ್ದ. ಯಾವಾಗಲೂ ಸರಿ ಇದೆ ಎಂದರೆ ಸಂಶಯ ಬರುತ್ತದೆಂದು ಒಂದು ದಿನ ಉಪ್ಪು ಎಂದ, ಇನ್ನೊಂದು ದಿನ ಹುಳಿ ಎಂದ. ಅಷ್ಟೇ ಆಗಿದ್ದರೆ ಅದು ಹೆದರಿಕೆಯ ಸುಳ್ಳು. ಆದರೆ ಹಾಗೆ ಹೇಳಿದಾಗ ಸೀನನ ಕುತ್ತಿಗೆಯ ನರ ಸೆಟೆಯುವುದನ್ನು ಅವನು ಕಂಡಿದ್ದ. ಇಡೀ ಅಡಿಗೆಮನೆಯನ್ನು ತಾಯಿತಂದೆಯ ಮೇಲಿನ ಬೈಗುಳದಲ್ಲೇ ನಡೆಸುವ ಸೀನ, ಹೊಸ ಕೆಲಸದವರು ಒಂದು ತಿಂಗಳು ನಿಲ್ಲದ ಹಾಗೆ ಮಾಡುವ ಸೀನ, ಈಗಲೂ ಯಾರೂ ಇಲ್ಲದಾಗ ಅವನನ್ನು ಆನೆಮರಿ ಎಂದೇ ಕರೆಯುವ ಸೀನ. ತನ್ನ ಒಂದು ಮಾತಿಗೆ ಅವನು ಹಂಡೆಗೆ ಉಪ್ಪು ಸುರಿಯಬೇಕು. ಆಮೇಲೆ ತಟ್ಟೆಗಳು ವಾಪಸು ಬರುತ್ತವೆ, ಶೆಟ್ಟರು ಬೈಯುತ್ತಾರೆ. ತನಗೆ ಗೊತ್ತಾಗದೆ ಹೇಳುತ್ತಿದ್ದೇನೋ ಗೊತ್ತಿದ್ದೇ ಹೇಳುತ್ತಿದ್ದೇನೋ ಎಂಬುದು ಈಚೆಗೆ ಅವನಿಗೇ ತಿಳಿಯುತ್ತಿರಲಿಲ್ಲ; ಉಪ್ಪಿನ ಹಾಗೆ ಅದೂ ನಾಲಿಗೆಗೆ ಸಿಗುತ್ತಿರಲಿಲ್ಲ.

ಸೀನ ತಿರುಗಿದ. "ಸಾಲದಾ?"

"ಸಾಲದು."

ಸೀನ ಅವನ ಕಣ್ಣಲ್ಲೇ ಕಣ್ಣಿಟ್ಟು ಉಪ್ಪಿನ ಡಬ್ಬಕ್ಕೆ ಕೈ ಹಾಕಿದ. ಒಂದು ಹಿಡಿ. ಇನ್ನೊಂದು ಹಿಡಿ. ಸಾಕು ಎನ್ನುತ್ತೀಯೋ ನೋಡುವ ಎಂಬ ಹಾಗೆ ಮೂರನೆಯದನ್ನು ಎತ್ತಿ ಹಂಡೆಯ ಮೇಲೆ ಹಿಡಿದು ನಿಂತ. ಸಂದೀಪ ಆ ಮುಷ್ಟಿಯನ್ನೇ ನೋಡಿದ. ಸೀನ ಮುಷ್ಟಿ ಬಿಚ್ಚಿದ.

ಗಲ್ಲಾಕ್ಕೆ ಬಂದು ಕೂತಾಗ ಬೆಳಗಿನ ಗಿರಾಕಿಗಳು ತುಂಬಿದ್ದರು. ದೇವಸ್ಥಾನ ಮುಗಿಸಿ ಬಂದ ಕುಂಕುಮದ ಹಣೆಗಳು, ಟ್ರೇನು ತಪ್ಪಿಸಿಕೊಳ್ಳಬಾರದೆಂದು ಇಡ್ಲಿಯನ್ನು ನುಂಗುವ ಆಫೀಸಿನವರು. ದಿನಾ ಬರುವ ಮುರಿಗೆಪ್ಪ ಬಾಗಿಲ ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದರು. ವಿಜಯಪುರದ ಕಡೆಯವರು, ಫೋರ್ಟಿನ ಯಾವುದೋ ಆಫೀಸಿನಿಂದ ನಿವೃತ್ತರಾಗಿ ಈಗ ಹೊತ್ತು ಹೋಗದೆ ಎಲ್ಲರ ಆರೋಗ್ಯ ವಿಚಾರಿಸುವವರು. ಸಂದೀಪ ದಪ್ಪಗಿದ್ದಾಗ ಪ್ರತಿದಿನ ಹೊಟ್ಟೆ ಕರಗಿಸುವ ಒಂದು ಕಷಾಯ ಹೇಳುತ್ತಿದ್ದರು. ಈಗ ಪ್ರತಿದಿನ ಇನ್ನೊಂದು ಹೇಳುತ್ತಿದ್ದರು.

"ಮಾರಿ ಭಾಳ ಇಳದೈತ್ರಿ ನಿಮ್ದು. ಮದ್ಲ ಮಾರ್ಯಾಗ ಒಂದ್ ಕಳೆ ಇತ್ತು. ಈಗ ನೋಡಿದ್ರ ಬ್ಯಾನಿ ಬಿದ್ದವ್ರಂಗ ಕಾಣ್ತೀರಿ. ಅಷ್ಟ ಸ್ವಲ್ಪ ತಿಂದ್ರ ಹ್ಯಾಂಗ್ ನಡೀತದ?"

ಸಂದೀಪ ಹಲ್ಲು ಕಿರಿದ. ನಿನ್ನ ನಾಲಿಗೆಯನ್ನು ಕೊಯ್ದು ನನಗೆ ಹಚ್ಚಿಕೊಳ್ಳಬೇಕು ಎಂದುಕೊಂಡ. ದಪ್ಪಗಿದ್ದಾಗ ಅವನ ದೇಹ ಎಲ್ಲರಿಗೂ ಸೇರಿದ್ದಾಗಿತ್ತು, ಮೈದಾನದ ಹಾಗೆ. ಯಾರು ಬೇಕಾದರೂ ಒಳಗೆ ಬಂದು ಅಡ್ಡಾಡಬಹುದಿತ್ತು. ಇಳಿದ ಮೇಲಾದರೂ ಬೇಲಿ ಸಿಗುತ್ತದೆಂದು ಅವನು ನಂಬಿದ್ದ. ಆಪರೇಶನ್ ಥಿಯೇಟರಿನ ಬೆಳಕಿನಡಿಯಲ್ಲಿ, ಮೂಗಿಗೆ ಮಾಸ್ಕು ಇಡುವ ಮುಂಚಿನ ಕ್ಷಣದಲ್ಲಿ, ಇನ್ನು ಮುಂದೆ ನನ್ನನ್ನು ಯಾರೂ ನೋಡುವುದಿಲ್ಲ ಎಂಬುದೇ ಅವನ ಕೊನೆಯ ಯೋಚನೆಯಾಗಿತ್ತು.

ಮುರಿಗೆಪ್ಪನವರ ಇಡ್ಲಿ ಬಂತು. ಒಂದು ತುತ್ತು ಅದ್ದಿ ಬಾಯಿಗಿಟ್ಟವರು ಹಾಗೇ ನಿಲ್ಲಿಸಿ ಪಕ್ಕದ ಬಟ್ಟಲಿಗೆ ಉಗಿದರು. ಅಷ್ಟರಲ್ಲಿ ಹಿಂದಿನ ಟೇಬಲ್ಲಿನ ಹೆಂಗಸೊಬ್ಬಳು ವೇಟರನ್ನು ಕರೆದು ಹಿಂದಿಯಲ್ಲಿ ಬೈಯತೊಡಗಿದ್ದಳು. ತಟ್ಟೆಗಳು ಒಂದೊಂದಾಗಿ ವಾಪಸು ಹೊರಟವು. ಕೊರಗ ಶೆಟ್ಟರು ಮೊಣಕಾಲು ನೋವಿನಿಂದಾಗಿ ಸಾಮಾನ್ಯವಾಗಿ ತಡವಾಗಿ ಬರುವವರು ಇವತ್ತು ಅದೇ ಹೊತ್ತಿಗೆ ರಿಕ್ಷಾ ಇಳಿದು, ಕೋಲೂರಿಕೊಂಡು ಒಳಗೆ ಬಂದರು. ಬಂದವರು ಕೂರಲಿಲ್ಲ. ಸೀನನನ್ನು ಹೊರಗೆ ಕರೆಸಿದರು. ಅಡಿಗೆಯವರನ್ನು ಗಿರಾಕಿಗಳ ಮುಂದೆ ಕರೆಸುವ ಪದ್ಧತಿ ಆ ಹೋಟೆಲಿನಲ್ಲಿ ಇರಲಿಲ್ಲ. ಸೀನ ಒದ್ದೆ ಬನಿಯನ್ನಿನಲ್ಲೇ ಬಂದು, ಸೀಲಿಂಗ್ ಫ್ಯಾನಿನ ಗಾಳಿಗೆ ಬೈರಾಸನ್ನು ಎದೆಯ ಮೇಲೆ ಎಳೆದುಕೊಂಡು ನಿಂತ. ಒಳಗೆ ಹುಲಿಯ ಹಾಗಿದ್ದವನು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಇಷ್ಟು ಕುಳ್ಳಗೆ, ಇಷ್ಟು ಮುದುಕನಾಗಿ ಕಾಣುತ್ತಾನೆಂದು ಸಂದೀಪನಿಗೆ ಗೊತ್ತಿರಲಿಲ್ಲ.

ಎಂತ ಮಾರಾಯ ಇದು, ವಯಸ್ಸಾಯಿತಾ ನಿನಗೆ ಎಂದು ಶೆಟ್ಟರು ಕೇಳಿದರು. ದೊಡ್ಡದಾಗಿ ಅಲ್ಲ; ಎಲ್ಲರಿಗೂ ಕೇಳುವಷ್ಟು ಮಾತ್ರ. ಸೀನ ನೆಲ ನೋಡಿಕೊಂಡು, ನಾನು ಹಾಕಿದ್ದು ಸಣ್ಣ ಧಣಿಗಳು ಹೇಳಿದ ಹಾಗೆ, ಅವರನ್ನೇ ಕೇಳಿ ಎಂದ. ಎಷ್ಟೋ ವರ್ಷಗಳ ಮೇಲೆ ಅವನ ಬಾಯಿಂದ ಸಣ್ಣ ಧಣಿ ಎಂಬ ಮಾತು ಬಂದಿತ್ತು. ಶೆಟ್ಟರು ಮಗನ ಕಡೆ ತಿರುಗಿದರು.

"ನೀನು ನೋಡುವಾಗ ಹೇಗಿತ್ತು?"

ಎಲ್ಲರೂ ನೋಡುತ್ತಿದ್ದರು. ಮುರಿಗೆಪ್ಪ ಬಾಯಿ ಒರೆಸಿಕೊಳ್ಳುವುದನ್ನು ನಿಲ್ಲಿಸಿ ನೋಡುತ್ತಿದ್ದರು. ನನಗೆ ರುಚಿ ಇಲ್ಲ ಎನ್ನಬೇಕು, ಮೂರು ಮಾತು, ಅಷ್ಟೆ. ಹಾಗಂದರೆ ಉಳಿಯುವುದೇನು ಎಂದು ಅವನು ಯೋಚಿಸಿದ. ಹೊಟ್ಟೆ ಇದ್ದಾಗ ಬೋರ್ಡಾಗಿದ್ದ, ನಾಲಿಗೆ ಇದ್ದಾಗ ಮಗನಾಗಿದ್ದ. ಎರಡೂ ಇಲ್ಲದವನು ಗಲ್ಲಾದ ಹಿಂದೆ ಯಾರೆಂದು ಕೂರಬೇಕು? ಆ ಯೋಚನೆಯ ಅಡಿಯಲ್ಲಿ ಇನ್ನೊಂದು, ಅದಕ್ಕಿಂತ ಹಳೆಯದು, ಡಬ್ಬದ ಮೇಲೆ ಕೂತ ಹುಡುಗನದು, ತಣ್ಣಗೆ ಕಾದು ಕುಳಿತಿತ್ತು.

"ಸರಿ ಇತ್ತು," ಎಂದ. "ಆಮೇಲೆ ಹಾಕಿರಬೇಕು."

ಸೀನ ತಲೆ ಎತ್ತಿದ. ಬೈಯುತ್ತಾನೆ, ಮೇಲೆ ಬೀಳುತ್ತಾನೆ ಎಂದು ಸಂದೀಪ ಮೇಜಿನ ಅಂಚು ಹಿಡಿದುಕೊಂಡ. ಸೀನನ ಮುಖದಲ್ಲಿ ಸಿಟ್ಟಿರಲಿಲ್ಲ. ಯಾವುದೋ ಲೆಕ್ಕ ಕೊನೆಗೂ ತಾಳೆಯಾದವನ ಹಾಗೆ ಅವನು ಒಮ್ಮೆ ತಲೆಯಾಡಿಸಿದ, ಅಷ್ಟೆ. ಶೆಟ್ಟರು ಸಾಕು, ನೀನು ಊರಿಗೆ ಹೋಗಿ ಆರಾಮ ಮಾಡು, ಬರಬೇಕಾದ್ದನ್ನು ಮನೆಗೆ ಮುಟ್ಟಿಸುತ್ತೇನೆ ಎಂದರು. ಒಳಗಿನಿಂದ ಯಾರೋ ಒಲೆ ತಗ್ಗಿಸಿದರು. ಆ ಸದ್ದಡಗಿದಾಗ ಹೋಟೆಲು ಖಾಲಿಯಾದ ಹಾಗೆ ಕೇಳಿಸಿತು.

ಹಂಡೆಯ ಸಾಂಬಾರನ್ನು ಮೋರಿಗೆ ಸುರಿದು ಬೇರೆ ಮಾಡಿದರು. ಸಂದೀಪನ ಊಟದ ಹೊತ್ತಾಯಿತು. ಹಸಿವಲ್ಲ, ಮೊಬೈಲು ಕಿರುಗುಟ್ಟಿ ನೆನಪಿಸುವುದು. ಚಿಕ್ಕ ಡಬ್ಬಿಯಲ್ಲಿ ಅರ್ಧ ಮುಷ್ಟಿಯಷ್ಟು ಪನೀರು, ಬೇಯಿಸಿದ ಬೇಳೆ. ಒಂದೊಂದು ತುತ್ತನ್ನೂ ನುರಿಯುವವರೆಗೆ ಅಗಿಯಬೇಕು, ಚಮಚ ಕೆಳಗಿಟ್ಟು ಕಾಯಬೇಕು. ಇವತ್ತು ಕಾಯಲಿಲ್ಲ. ಸಿಟ್ಟು ಬಂದಾಗ ತಿನ್ನುತ್ತಿದ್ದವನ ಕೈ ಅದರ ಹಳೆಯ ವೇಗದಲ್ಲೇ ಬಾಯಿಗೆ ಹೋಯಿತು. ನಾಲ್ಕನೆಯ ತುತ್ತು ಎದೆಗೂಡಿನ ನಡುವೆ ಕಲ್ಲಿನ ಹಾಗೆ ಸಿಕ್ಕಿಕೊಂಡಿತು. ಬಾಯಲ್ಲಿ ನೊರೆ ನೊರೆಯಾದ ಎಂಜಲು ತುಂಬಿತು, ಬೆನ್ನಲ್ಲಿ ಬೆವರು ಇಳಿಯಿತು. ಎದ್ದು ಹಿಂದಿನ ಪಾಯಿಖಾನೆಗೆ ಓಡಿ, ಗೋಡೆಗೆ ಹಣೆ ಒತ್ತಿ ನಿಂತು, ಒಂದಿಷ್ಟು ಅಂಟಂಟಾದದ್ದನ್ನು ಹೊರಹಾಕಿದ. ಮೊದಲಾಗಿದ್ದರೆ ಇಂಥದ್ದನ್ನು ಹತ್ತು ಅವನೊಳಗೆ ಹೂತುಹಾಕಬಹುದಿತ್ತು, ಮೇಲೆ ಏನೂ ಕಾಣದ ಹಾಗೆ. ಈಗ ಒಳಗೆ ಜಾಗವಿಲ್ಲ. ಒಂದು ಸುಳ್ಳಿಗೂ ಜಾಗವಿಲ್ಲ ಎಂದು ಅವನಿಗೆ ಅನ್ನಿಸಿ, ಅಲ್ಲೇ, ಆ ಫಿನೈಲಿನ ವಾಸನೆಯಲ್ಲಿ, ತನ್ನ ಮೇಲೇ ಅಸಹ್ಯವಾಯಿತು.

ಪಾಯಿಖಾನೆಯ ಪಕ್ಕದಲ್ಲೇ ಕೆಲಸದವರು ಮಲಗುವ ಮಾಳಿಗೆಗೆ ಕಬ್ಬಿಣದ ಏಣಿ. ಗೋಡೆಗೂ ಏಣಿಗೂ ನಡುವೆ ಒಬ್ಬ ತೆಳ್ಳನೆಯ ಮನುಷ್ಯ ನುಸುಳುವಷ್ಟೇ ಸಂದು. ಅಪ್ಪನ ಹೋಟೆಲಿನಲ್ಲಿ ಸಂದೀಪ ಇಡೀ ಆಯುಷ್ಯದಲ್ಲಿ ಒಮ್ಮೆಯೂ ಹತ್ತದ ಜಾಗ ಅದು. ಹತ್ತಲು ಆಗುತ್ತಲೇ ಇರಲಿಲ್ಲ. ಇವತ್ತು ಹತ್ತಿದ. ಮೇಲೆ ತಲೆ ಎತ್ತಿ ನಿಲ್ಲುವಷ್ಟು ಎತ್ತರವಿರಲಿಲ್ಲ. ಕೆಳಗಿನ ಒಲೆಗಳ ಬಿಸಿ ಹಲಗೆಯ ಸಂದಿಯಿಂದ ಹಬೆಯಾಡುತ್ತಿತ್ತು. ಸಾಲಾಗಿ ಸುತ್ತಿಟ್ಟ ಚಾಪೆಗಳು, ಮೊಳೆಗಳಿಗೆ ತೂಗುಹಾಕಿದ ಪ್ಯಾಂಟುಗಳು, ಒಂದು ಮೂಲೆಯಲ್ಲಿ ಬಾಚಣಿಗೆ ಸಿಕ್ಕಿಸಿದ ಕನ್ನಡಿ. ಇಷ್ಟರಲ್ಲಿ ಸೀನ ಮೂವತ್ತು ವರ್ಷ ಮಲಗಿದ್ದ. ಈಗ ಚೀಲದ ಜಿಪ್ಪು ಎಳೆಯುತ್ತಾ, ಬಗ್ಗಿ ನಿಂತ ಸಂದೀಪನನ್ನು ನೋಡಿ, ಏಣಿ ಹತ್ತಲಿಕ್ಕೂ ಬಂತಾ ಈಗ ಎಂದ.

ಸಂದೀಪ ಹೇಳಿಬಿಟ್ಟ. ಮೊದಲಿನ ಹಾಗೆ ಯೋಚಿಸಲಿಲ್ಲ. "ನೀನು ಮಾಡಿದ್ದು ಸರಿ ಇತ್ತು. ನನಗೆ ರುಚಿ ಗೊತ್ತಾಗುದಿಲ್ಲ. ಆಪರೇಶನ್ ಆದ ಮೇಲೆ ಏನೂ ಗೊತ್ತಾಗುದಿಲ್ಲ."

"ಗೊತ್ತುಂಟು ನನಗೆ."

"ಮತ್ತೆ ಯಾಕೆ ಉಪ್ಪು ಹಾಕಿದ್ದು?"

"ನೀನು ಯಾವಾಗ ಬೇಡ ಹೇಳ್ತೀ ಅಂತ ನೋಡಿದೆ." ಸೀನ ಚೀಲವನ್ನು ಹೆಗಲಿಗೆ ಏರಿಸಿದ. "ಈಗ ಇಲ್ಲಿಗೆ ಬಂದು ನನ್ನ ಕಿವಿಯಲ್ಲಿ ಹೇಳಿ ಎಂತ ಪ್ರಯೋಜನ? ಅಲ್ಲಿ ಹೇಳ್ಬೇಕಿತ್ತು. ಅಷ್ಟು ಜನರ ಎದುರು ನಿಲ್ಲಿಸಿದ್ರಲ್ಲ ನನ್ನನ್ನು, ಅಲ್ಲಿ."

ವಡೆಗಳ ವಿಷಯ ಎತ್ತಬೇಕೆಂದು, ನೀನು ನನ್ನನ್ನು ಅಷ್ಟು ಜನರ ಎದುರು ಡಬ್ಬದ ಮೇಲೆ ಕೂರಿಸಿದ್ದು ನೆನಪುಂಟಾ ಎಂದು ಕೇಳಬೇಕೆಂದು ಸಂದೀಪನ ಗಂಟಲವರೆಗೂ ಬಂತು. ಕೇಳಿದ್ದರೆ ಸೀನ ಏನೆನ್ನುತ್ತಿದ್ದನೋ. ಬಹುಶಃ ನಕ್ಕುಬಿಡುತ್ತಿದ್ದ, ಅದೊಂದು ತಮಾಷೆಯ ಕಾಲವೆಂದು. ಆ ನಗುವನ್ನು ತಾಳುವ ಶಕ್ತಿ ತನಗಿಲ್ಲವೆಂದು ಅವನು ಏಣಿಯ ಕಡೆ ತಿರುಗಿದ. ಹೋಗಿ ಹೇಳ್ತೇನೆ, ನೀನು ಇಲ್ಲೇ ನಿಲ್ಲು ಎಂದ. ಸೀನ ಹೆಗಲ ಚೀಲವನ್ನು ಮೆಲ್ಲಗೆ ಕೆಳಗಿಟ್ಟು ಚಾಪೆಯ ಸುರುಳಿಯ ಮೇಲೆ ಕೂತದ್ದನ್ನು, ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡುವಾಗ ಸಂದೀಪ ಕಂಡ.

ಮಧ್ಯಾಹ್ನದ ಊಟದ ಗದ್ದಲ ಶುರುವಾಗಿತ್ತು. ಬಾಗಿಲಲ್ಲಿ ಜನ ನಿಂತು ಕಾಯುತ್ತಿದ್ದರು. ಗಲ್ಲಾದಲ್ಲಿ ಅಪ್ಪ ಕೂತು ಬಿಲ್ಲುಗಳನ್ನು ಮೊಳೆಗೆ ಚುಚ್ಚುತ್ತಿದ್ದರು. ಸಂದೀಪ ಅವರ ಪಕ್ಕ ನಿಂತು, ಎದುರಿಗಿದ್ದ ಗಿರಾಕಿಗಳಿಗೂ ಕೇಳುವ ಹಾಗೆ ಹೇಳಿದ. ಸೀನ ತಪ್ಪು ಮಾಡಿಲ್ಲ, ನಾನು ಹೇಳಿದ್ದಕ್ಕೆ ಉಪ್ಪು ಹಾಕಿದ್ದು, ನನಗೆ ಬಾಯಿರುಚಿ ಹೋಗಿದೆ, ಹೋಗಿ ತಿಂಗಳುಗಳಾದವು, ನಾನು ಸುಳ್ಳು ಹೇಳಿದೆ. ಕನ್ನಡ ಬಾರದ ಗಿರಾಕಿಯೊಬ್ಬ ತನಗೇ ಏನೋ ಹೇಳುತ್ತಿದ್ದಾನೆಂದು ಭಾವಿಸಿ, "ಕ್ಯಾ?" ಎಂದ. ಶೆಟ್ಟರು ಅವನಿಗೆ ಚಿಲ್ಲರೆ ಕೊಟ್ಟು, ಸೋಂಪಿನ ತಟ್ಟೆಯನ್ನು ಅವನ ಕಡೆ ಸರಿಸಿ, ಅವನು ಹೋದ ಮೇಲೆ ಮಗನ ಕಡೆ ನೋಡದೆಯೇ ಮಾತಾಡಿದರು.

"ಗೊತ್ತುಂಟು. ನಿಶಾ ಹೋದ ತಿಂಗಳೇ ಹೇಳಿದ್ದಾಳೆ."

ಸಂದೀಪನಿಗೆ ತಕ್ಷಣ ಅರ್ಥವಾಗಲಿಲ್ಲ.

"ಅವನನ್ನು ಕಳಿಸುದು ಎರಡು ವರ್ಷದಿಂದ ನನ್ನ ತಲೆಯಲ್ಲಿ ಇತ್ತು. ಅವನ ಬಾಯಿಗೆ ಹೆದರಿ ಒಳ್ಳೆ ಒಳ್ಳೆ ಜನ ಓಡಿಹೋದ್ರು. ಆದ್ರೆ ನಾನು ಬೇರೆಯವರ ಹೋಟೆಲಲ್ಲಿ ಕಪ್ಪುಬಸಿ ತೊಳೀತಿರುವಾಗ ನನಗೆ ದೋಸೆ ಹಾಕ್ಲಿಕ್ಕೆ ಕಲಿಸಿದವ ಅವ. ಹೋಗು ಅಂತ ನನ್ನ ಬಾಯಲ್ಲಿ ಹೇಗೆ ಬರ್ತದೆ?" ಅವರು ಮುಂದಿನ ಗಿರಾಕಿಯ ಬಿಲ್ಲು ತೆಗೆದುಕೊಂಡರು. "ನಿನ್ನ ಬಾಯಲ್ಲಿ ಬಂತು. ಆಯ್ತಲ್ಲ. ಇನ್ನು ಕೂತ್ಕೋ, ನನಗೆ ಕಾಲು ನೋಯ್ತಾ ಉಂಟು."

ಅವರು ಕೋಲೂರಿ ಎದ್ದರು. ಗಿರಾಕಿಗಳು ನೋಟು ಹಿಡಿದು ನಿಂತಿದ್ದರು, ಯಾರಾದರೂ ಕೂರಲೇಬೇಕಿತ್ತು. ಸಂದೀಪ ಕೂತ. ಕೂತ ಮೇಲೆ, ಯಾಕೆ ಕೂತೆ ಎಂದು ಯೋಚಿಸಿದ. ಎದ್ದು ಕೂಗಬಹುದಿತ್ತು, ಮೇಜು ತಳ್ಳಬಹುದಿತ್ತು, ಹೊರಗೆ ನಡೆದುಬಿಡಬಹುದಿತ್ತು. ನಿಶಾ ಹೇಳಿದ್ದಾಳೆ, ಅಪ್ಪನಿಗೆ ಗೊತ್ತಿತ್ತು, ಇಷ್ಟು ದಿನ ಪ್ರತಿದಿನ ಬೆಳಗ್ಗೆ ತಾನು ಬಟ್ಟಲೆತ್ತಿ ಆಡಿದ ನಾಟಕವನ್ನು ಎಲ್ಲರೂ ಗೊತ್ತಿದ್ದೇ ನೋಡಿದ್ದಾರೆ. ಬೆಳಗ್ಗೆ ಹಾಲಿನ ಪಾತ್ರೆ ಹಿಡಿದು ಮಾವನಿಗೆ ಹೇಳಿ ಎಂದಾಗ, ತಾನು ಹೇಳಿಯಾಗಿದೆ ಎಂಬುದನ್ನು ಅವಳು ಹೇಳಿರಲಿಲ್ಲ. ಇವನಾಗಿ ಹೇಳುತ್ತಾನೋ ಎಂದು ಕಾದಿದ್ದಳೇನೋ. ಎಲ್ಲರೂ ಅವನು ಹೇಳಲೆಂದು ಕಾದಿದ್ದರು, ಅಪ್ಪ ಒಬ್ಬರೇ ಅವನು ಹೇಳದಿರಲೆಂದು ಕಾದಿದ್ದರು. ಗೆದ್ದದ್ದು ಅಪ್ಪ.

ಹಿಂದಿನ ಬಾಗಿಲಲ್ಲಿ ಸೀನ ಕಾಣಿಸಿಕೊಂಡ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಕೂದಲು ಬಾಚಿದ್ದ. ಕೆಲಸದವರು ಹೋಗಿಬರುವ ಗಲ್ಲಿಯ ಕಡೆ ತಿರುಗದೆ ಅವನು ಟೇಬಲ್ಲುಗಳ ನಡುವೆ ನೇರ ನಡೆದು ಬಂದ. ಊಟಕ್ಕೆ ಕೂತವರು ಅವನನ್ನೂ ಒಬ್ಬ ಗಿರಾಕಿ ಎಂದುಕೊಂಡು ಕಾಲು ಒಳಗೆಳೆದು ದಾರಿ ಕೊಟ್ಟರು. ಗಲ್ಲಾದ ಮುಂದೆ ಬಂದು ನಿಂತ. ಸಂದೀಪನ ಮುಖವನ್ನು ನೋಡಿದ, ಆಮೇಲೆ ದೂರದಲ್ಲಿ ಯಾರೊಡನೆಯೋ ನಗುತ್ತಾ ಮಾತಾಡುತ್ತಿದ್ದ ಶೆಟ್ಟರನ್ನು ನೋಡಿದ, ಮತ್ತೆ ಸಂದೀಪನನ್ನು ನೋಡಿದ.

ಹೇಳಿದೆ ಎನ್ನಬೇಕು. ಹೇಳಿದೆ ಎಂದರೆ, ಮತ್ತೆ ಅವರು ಯಾಕೆ ನಗುತ್ತಿದ್ದಾರೆ ಎಂದು ಇವನು ಕೇಳುತ್ತಾನೆ. ಅವರಿಗೆ ಮೊದಲೇ ಗೊತ್ತಿತ್ತು, ನಿನ್ನನ್ನು ಕಳಿಸಬೇಕೆಂದೇ ಅದನ್ನು ಮುಚ್ಚಿಟ್ಟುಕೊಂಡಿದ್ದರು ಎನ್ನಬೇಕು. ಮೂವತ್ತು ವರ್ಷವನ್ನು ಚೀಲಕ್ಕೆ ಹಾಕಿಕೊಂಡು ಹೊರಟವನಿಗೆ ಅದನ್ನೂ ಕಟ್ಟಿಕೊಡಬೇಕು. ಕೊಡುವುದು ನ್ಯಾಯವೋ ಕೊಡದಿರುವುದು ನ್ಯಾಯವೋ ಎಂದು ತೂಗುವಷ್ಟರಲ್ಲಿ ಹಿಂದೆ ನಿಂತ ಗಿರಾಕಿ ಸೀನನ ಭುಜದ ಮೇಲಿಂದ ಕೈ ಚಾಚಿ ನೋಟು ನೀಡಿದ. ಸಂದೀಪನ ಕೈ ಅದನ್ನು ತೆಗೆದುಕೊಂಡಿತು, ಡ್ರಾವರ್ ಎಳೆಯಿತು, ಚಿಲ್ಲರೆ ಎಣಿಸಿತು. ತಲೆ ಎತ್ತಿದಾಗ ಸೀನ ಮೆಟ್ಟಿಲು ಇಳಿಯುತ್ತಿದ್ದ. ಹೊರಗೆ ಹೂವಿನವರ ಅಂಗಡಿಗಳ ಮುಂದಿನ ಜನರಲ್ಲಿ ಆ ಬಿಳಿ ಅಂಗಿ ಸ್ವಲ್ಪ ಹೊತ್ತು ಕಂಡಿತು. ಸ್ಟೇಶನ್ನಿನ ಕಡೆ ತಿರುಗುವಾಗ ಅವನು ಉಗಿದನೋ ಕೆಮ್ಮಿದನೋ, ದೂರಕ್ಕೆ ಗೊತ್ತಾಗಲಿಲ್ಲ. ಇವನು ಹೇಳಲಿಲ್ಲ ಎಂದೇ ಅವನು ಸಾಯುವವರೆಗೂ ತಿಳಿದುಕೊಂಡಿರುತ್ತಾನೆ, ಊರಲ್ಲಿ ನಾಲ್ಕು ಜನರಿಗೆ ಹಾಗೆಂದೇ ಹೇಳುತ್ತಾನೆ ಎಂದು ಸಂದೀಪನಿಗೆ ಹೊಳೆಯಿತು. ಹೇಳಿದ್ದೇನೆ ಎಂದು ತನಗೇ ಇನ್ನೊಮ್ಮೆ ಹೇಳಿಕೊಂಡ. ಎದುರಿಗಿದ್ದ ಗಿರಾಕಿ ಅಂಗೈಯಲ್ಲಿನ ನಾಣ್ಯಗಳನ್ನು ನೋಡಿ, ಹೆಚ್ಚು ಬಂದಿದೆ ಎಂದು ಹಿಂದಿಯಲ್ಲಿ ಹೇಳುತ್ತಾ ಎರಡನ್ನು ಮೇಜಿನ ಮೇಲೆ ವಾಪಸು ಇಟ್ಟ.